ಕಾರ್ಡಿನಲ್ಲಿ ಇಲ್ಲದ್ದು

ಹತ್ತೊಂಬತ್ತು ವರ್ಷ ನಾನು ಓದಿ ಹೇಳಿದೆ, ಅವರು ಬರೆದುಕೊಂಡರು.
ಹೃದಯಾಘಾತ. ಅಡಿಗೆರೆ ಎಳೆಯಿರಿ. ಲಕ್ಷಣಗಳು, ಎರಡು ಚುಕ್ಕೆ.
ನನ್ನ ನೋಟ್ಸಿನ ಹಾಳೆ ಹಳದಿಯಾಗಿ, ಅಂಚು ಮುರಿದು,
ಒಂದು ಕಡೆ ಕಾಫಿ ಚೆಲ್ಲಿದ ಕಲೆ.
ಅಲ್ಲಿಗೆ ಬಂದಾಗ ಪ್ರತಿ ಬ್ಯಾಚಿಗೂ
ಒಂದು ಸಾಲು ಹಾರಿಸಿಯೇ ಓದಿದ್ದೇನೆ.

ಈಗ ಪಾಠ ರಾತ್ರಿ, ಮೊಬೈಲಿನಲ್ಲಿ.
ಹಾಸ್ಟೆಲಿನ ತಾರಸಿ ಮೇಲೆ, ನೀರಿನ ಟ್ಯಾಂಕಿನ ಹಿಂದೆ,
ಸಿಗ್ನಲ್ ಸಿಗುವ ಒಂದು ಚಾಪೆಯಷ್ಟು ಜಾಗದಲ್ಲಿ
ಆರು ಹುಡುಗಿಯರು ಎರಡು ಶಾಲು ಹೊದ್ದು
ನನ್ನ ಮುಖವನ್ನು ನಿಲ್ಲಿಸುತ್ತಾರೆ, ಹಿಂದಕ್ಕೆ ಓಡಿಸುತ್ತಾರೆ.
ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರಂತೆ,
ಆಮೇಲೆ ಗೊತ್ತಾಯಿತು.
ಬೆಳಿಗ್ಗೆ ತರಗತಿಯಲ್ಲಿ ಅವರು ಮಾಡಬೇಕು, ನಾನು ಸುಮ್ಮನಿರಬೇಕು.
ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಲ್ಯಾಬಿನ ಮೂಲೆಯ ಮಂಚದಲ್ಲಿ ರಬ್ಬರಿನ ಗಂಡಸು.
ಹುಡುಗಿಯರಿಟ್ಟ ಹೆಸರು ಮುನಿಶಾಮಣ್ಣ.
ಎದೆ ಸರಿಯಾಗಿ ಒತ್ತಿದರೆ ಕಟಕ್ ಅನ್ನುತ್ತಾನೆ.
ವರ್ಷಕ್ಕೆ ಮುನ್ನೂರು ಸಲ ಸತ್ತರೂ
ಯಾರನ್ನೂ ಒಂದು ಮಾತು ಬೈದವನಲ್ಲ.

ಅದಕ್ಕೇ ಈ ಸಲ ಅಕ್ಕಯ್ಯಮ್ಮ.
ಕೋಲಾರದ ಮಂಡಿಯಲ್ಲಿ ಟೊಮೆಟೊ ಆರಿಸುವ ಕೈ,
ಉಗುರಿನ ಸುತ್ತ ಹಸಿರು ಕರೆ.
ರೋಗಿಯಾಗಲು ಗುರುವಾರಕ್ಕೆ ನಾನೂರು ರೂಪಾಯಿ, ಮಧ್ಯಾಹ್ನದ ಊಟ.
ಓದು ಬಾರದು; ಕಾರ್ಡನ್ನು ಮೂರು ಸಲ ಓದಿ ಹೇಳಿದೆ:
ವಯಸ್ಸು ಐವತ್ತೆಂಟು. ಎದೆನೋವು, ಎಡಗೈಗೆ ಇಳಿದಿದೆ. ಬೆವರು.
ಕೇಳಿದರೆ ಮಾತ್ರ ಹೇಳಬೇಕು, ಸಕ್ಕರೆ ಕಾಯಿಲೆ ಇದೆ.
‘ಕೇಳದೆ ಇದ್ರೆ?’
‘ಹೇಳಬಾರದು.’
‘ಅಯ್ಯೋ, ಸತ್ತೋಗಲ್ವೇನಮ್ಮ ಅವಳು?’

ಮೊದಲು ಪೂರ್ಣಶ್ರೀ. ಕೈ ತೊಳೆದಳು, ಹೆಸರು ಹೇಳಿಕೊಂಡಳು,
ನಾಡಿ, ಬಿಪಿ, ಸಕ್ಕರೆ, ಇಸಿಜಿ,
ಒಂದಾದ ಮೇಲೊಂದು ಮಗ್ಗಿಯ ಹಾಗೆ.
ಇಪ್ಪತ್ತಕ್ಕೆ ಹತ್ತೊಂಬತ್ತು.
ಆಮೇಲೆ ಸುಹಾನಾ, ಶ್ರೀನಿವಾಸಪುರದವಳು,
ಇಂಟರ್ನಲ್ಸ್‌ನಲ್ಲಿ ಎರಡು ಸಲ ಫೇಲು.
ಕೈ ತೊಳೆಯಲು ಮರೆತು, ಮತ್ತೆ ಓಡಿಹೋಗಿ ತೊಳೆದು ಬಂದು,
ಒದ್ದೆ ಕೈಯಲ್ಲೇ ಸ್ಟೂಲು ಎಳೆದು ಕೂತಳು.
‘ಏಮ್ಮಾ, ಇಂಟ್ಲೋ ಎವರುನ್ನಾರು?’

‘ಮನೇಲಾ? ಹಸು ಇದೆ.
ಐದು ಗಂಟೆಗೆ ಡೈರಿಗೆ ಹಾಲು ಹಾಕಬೇಕು.
ಅಡ್ಮಿಟ್ ಆಗು ಅಂದ್ರೆ ಕರೆಯೋರು ಯಾರು?’

ನನ್ನ ಪಟ್ಟಿಯಲ್ಲಿ ಹಸುವಿಗೆ ಚೌಕವಿಲ್ಲ.
ಪೆನ್ನು ಎತ್ತಿದವಳು ಹಾಗೇ ಹಿಡಿದುಕೊಂಡೆ.

‘ನೋವು ಹೆಂಗಿದೆ, ಚುಚ್ಚುತ್ತಾ?’
‘ಚುಚ್ಚಲ್ಲ. ಒರಳುಕಲ್ಲು ಎತ್ತಿ ಇಟ್ಟಂಗೆ.
ಫ್ಯಾನ್ ಹಾಕು ಅಂತಾರೆ, ಹಾಕಿದ್ರೆ ಚಳಿ ಅಂತಾರೆ.
ಎಲೆ ಅಡಿಕೆ ಡಬ್ಬಿ ಕೇಳ್ತಾರೆ, ತೊಗೊಳ್ಳಲ್ಲ.
ಏನಿಲ್ಲ, ಗ್ಯಾಸು ಅಂತಾರೆ.
ಬೆಳಗಾಗಲಿ ಬಿಡು ಅಂತಾರೆ.’

ನಲವತ್ತು ಪೆನ್ನು ಒಟ್ಟಿಗೆ ನಿಂತ ಸದ್ದು
ನಾನು ಅವತ್ತೇ ಕೇಳಿದ್ದು.
ಕಿಟಕಿಯಾಚೆ ಅಂತರಗಂಗೆಯ ಬಂಡೆ, ಅದರ ಮೇಲೆ ಬಿಸಿಲು.
ನಾನು ಏನೋ ಹೇಳಬೇಕಿತ್ತು. ಹೇಳಲಿಲ್ಲ.
ಸುಹಾನಾ ಮೆಲ್ಲಗೆ ಕೇಳಿದಳು, ‘ಬೆಳಗಾಯ್ತಾ?’
ಅಕ್ಕಯ್ಯಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು.
ಬೆವರು ಕಾರ್ಡಿನಲ್ಲಿತ್ತು.

ಗಂಟೆ.

ಚರ್ಚೆಯಲ್ಲಿ ಪೂರ್ಣಶ್ರೀ ಎದ್ದು ಹೇಳಿದಳು,
ನೋವು ಶುರುವಾದ ಹೊತ್ತು ಅವಳು ಕೇಳಲೇ ಇಲ್ಲ ಮೇಡಂ.
ನಿಜ. ಅಂಕ ಕಳೆದೆ.
ಸುಹಾನಾ ತಲೆಯಾಡಿಸಿ ಬರೆದುಕೊಂಡಳು:
ಎಷ್ಟು ಗಂಟೆಗೆ ಶುರುವಾಯ್ತು, ಮೊದಲು ಕೇಳು.
ಅದರ ಕೆಳಗೆ ಇನ್ನೇನೋ ಬರೆದಳು, ಕೈ ಅಡ್ಡ ಇತ್ತು.

ಎಲ್ಲರೂ ಹೋದ ಮೇಲೆ ಕಾರ್ಡಿನ ಹಿಂಬದಿಗೆ
ನನ್ನ ಕೈಯಾರೆ ಸೇರಿಸಿದೆ: ಹಸು. ಐದು ಗಂಟೆ.
ಉಳಿದದ್ದನ್ನು ಸೇರಿಸಲಿಲ್ಲ.

ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿ, ನಾನೂರು ಎಣಿಸಿಕೊಂಡು
ಬಾಗಿಲ ಹತ್ತಿರ ನಿಂತಳು.
‘ಮುಂದಿನ ಗುರುವಾರಾನೂ ಇದೇ ಕಾಯಿಲೇನಾ?’
‘ಬೇಡ ಅಕ್ಕಯ್ಯಮ್ಮ, ಬೇರೆ ಕೊಡ್ತೀನಿ.
ಕಾಲು ಮುರಿದದ್ದು, ಜ್ವರ, ಏನಾದ್ರೂ ಹಗುರದ್ದು.’
‘ಇದೇ ಇರಲಿ,’ ಅಂದಳು,
‘ಇದು ನನಗೆ ಚೆನ್ನಾಗಿ ಬರುತ್ತೆ.’